ಊಟ ಆದ ಮೇಲೆ ಹಲ್ಲಿಗೆ ಕಡ್ಡಿ ಹಾಕುವವರು ಓದಿ

ಮನೆಯಲ್ಲಿ ಶುಗರ್ ಇರುವ ಹಿರಿಯರಿದ್ದರೆ ಅವರಿಗೂ ಇದನ್ನು ಓದಿ ಹೇಳಿ. ಒಂದು ಟೂತ್‌ಪಿಕ್‌ನಿಂದ ನಮ್ಮ ಕಾಕಾ ಪಟ್ಟ ಪಾಡು ಯಾರಿಗೂ ಬೇಡ.

ಕಲಬುರಗಿಯ ಒಂದು ಖಾನಾವಳಿಯಲ್ಲಿ ಮಟನ್ ಊಟ ಮಾಡಿದ್ದೆವು. ಕೌಂಟರ್ ಮೇಲೆ ಬಡೇಸೋಪು, ಪಕ್ಕದಲ್ಲೇ ಮುಚ್ಚಳ ಇಲ್ಲದ ಡಬ್ಬಿಯಲ್ಲಿ ಕಡ್ಡಿ. ಎಲ್ಲರ ಕೈಯೂ ಅದರಲ್ಲೇ. ಕಾಕಾಗೆ ದವಡೆ ಹಲ್ಲಿನ ಸಂದಿಯಲ್ಲಿ ಮಟನ್ ಎಳೆ ಸಿಕ್ಕಿತ್ತು, ಬರಲಿಲ್ಲ ಅಂತ ಜೋರಾಗಿ ಒತ್ತಿದರು, ತುದಿ ಮುರಿಯಿತು. ಸ್ವಲ್ಪ ರಕ್ತ ಬಂತು. ಬಾಯಿ ಮುಕ್ಕಳಿಸಿ ಸುಮ್ಮನಾದರು. ಆದರೆ ಮುರಿದ ತುದಿ ಒಸಡಿನೊಳಗೇ ಉಳಿದಿತ್ತು.

ಆಮೇಲೆ ಒಸಡು ಬಾತು, ಕೀವು ತುಂಬಿ, ಗಲ್ಲ ಊದಿ, ರೊಟ್ಟಿ ಇರಲಿ, ಅಂಬಲಿ ಕುಡಿಯಲೂ ಬಾಯಿ ತೆರೆಯಲು ಆಗಲಿಲ್ಲ. ಮೆಡಿಕಲ್ ಅಂಗಡಿಯಲ್ಲಿ ನೋವಿನ ಗುಳಿಗೆ ಕೊಟ್ಟರು. ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಏನೂ ಇಲ್ಲ ಅಂದರು. ಕಟ್ಟಿಗೆ ಚೂರು ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ! ಕಡ್ಡಿ ವಿಷಯ ಅಲ್ಲಿ ಯಾರೂ ಕೇಳಲೂ ಇಲ್ಲ. ಕೊನೆಗೆ ಇನ್ನೊಬ್ಬ ಹಲ್ಲಿನ ಡಾಕ್ಟರಮ್ಮ "ಕಾಕಾ, ಒಸಡಿಗೆ ಏನರೆ ಚುಚ್ಚಿತ್ತೇನ್ರಿ?" ಅಂತ ಕೇಳಿದಾಗ ಗೊತ್ತಾಯಿತು. ಜೋಮು ಬರುವ ಸೂಜಿ ಕೊಟ್ಟು, ಕೀವು ಹರಿಸಿ, ಚೂರು ತೆಗೆದರು. ಶುಗರ್ ಬೇರೆ ಏರಿತ್ತು, ಗಾಯ ಬೇಗ ಮಾಯಲಿಲ್ಲ. ಶುಗರ್ ಇದ್ದವರಿಗೆ ಒಸಡಿನ ಸೋಂಕು ಹೆಚ್ಚಾಗುತ್ತದೆ, ಸೋಂಕು ಇದ್ದಾಗ ಶುಗರ್ ಹತೋಟಿಗೆ ಬರುವುದೂ ಕಷ್ಟ.

ಆ ಡಾಕ್ಟರಮ್ಮ ಹೇಳಿದ ಇನ್ನೊಂದು ಮಾತು ನನಗೆ ತುಂಬಾ ಮುಖ್ಯ ಅನಿಸಿತು. ದಿನಾ ಒಂದೇ ಸಂದಿಯಲ್ಲಿ ಊಟ ಸಿಕ್ಕಿಕೊಳ್ಳುತ್ತಿದ್ದರೆ ಅಲ್ಲಿ ಹುಳುಕು ಇರಬಹುದು, ಇಲ್ಲವೇ ಹಲ್ಲಿಗೆ ತುಂಬಿಸಿದ್ದ ಹಳೇ ಸಿಮೆಂಟ್ ಬಿದ್ದುಹೋಗಿರಬಹುದು. ಕಡ್ಡಿ ಹಾಕುತ್ತಾ ಕೂತರೆ ಅದು ಸರಿಹೋಗಲ್ಲ, ಒಸಡು ಹಿಂದೆ ಸರಿದು ಹಲ್ಲಿನ ಬೇರು ಕಾಣಿಸುತ್ತದೆ, ತಣ್ಣೀರು ಕುಡಿದರೂ ಜುಮ್ ಅನ್ನುತ್ತದೆ. ಹಲ್ಲಿನ ಸಂದಿ ಸ್ವಚ್ಛ ಮಾಡುವ ಫ್ಲಾಸ್ ದಾರ ಬಳಸಿ. ಸಂದಿ ದೊಡ್ಡದಿದ್ದರೆ ಅದಕ್ಕೇ ಅಂತ ಚಿಕ್ಕ ಬ್ರಷ್ ಸಿಗುತ್ತದೆ. ಕಡ್ಡಿಯೇ ಬೇಕೆಂದರೆ ಹೊಸದು ತೆಗೆದುಕೊಳ್ಳಿ, ಒಸಡಿಗೆ ಚುಚ್ಚದಂತೆ ಮೆಲ್ಲಗೆ ಎಳೆ ಮಾತ್ರ ತೆಗೆಯಿರಿ, ಬಿಸಾಕಿ. ಪಿನ್ನು, ಸೂಜಿ, ಬೆಂಕಿಕಡ್ಡಿ ಮುಟ್ಟಲೇಬೇಡಿ. ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ಮಲಗುವವರೂ ಇದ್ದಾರೆ, ದಯವಿಟ್ಟು ಬೇಡ, ಅದು ಹೊಟ್ಟೆಗೆ ಹೋದರೆ ಕರುಳಿಗೇ ತೂತು ಬೀಳಬಹುದು.

ತುದಿ ಒಳಗೆ ಮುರಿದರೆ ಕೆದಕಬೇಡಿ. ಡಾಕ್ಟರ್ ಹತ್ತಿರ ಹೋಗಿ, ಅವರು ಕೇಳುವ ಮೊದಲೇ ಕಡ್ಡಿ ಮುರಿದಿದೆ ಅಂತ ಹೇಳಿ. ಮುಖ ಊದಿ ಜ್ವರ ಬಂದರೆ, ನುಂಗಲು ಆಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೋಗಿ.