ಕಾಸರಗೋಡಿನ ಒಂದು ನೂಲಿನ ಅಂಗಡಿ: ಕ್ರೋಶಾ ಹೆಣೆಯುವ ಗಂಡಸರಿಗಾಗಿ

ಕಾಸರಗೋಡಿನ ಹಳೆಯ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಗುಂಡಿ, ಲೇಸು, ಜಿಪ್ಪು, ಲೈನಿಂಗ್ ಬಟ್ಟೆ ಮಾರುವ ಒಂದು ಇಕ್ಕಟ್ಟಾದ ಅಂಗಡಿಯಿದೆ. ದರ್ಜಿಗಳಿಗಾಗಿಯೇ ಇರುವುದೆಂದು ಹೊರಗಿನಿಂದ ತೋರಿದರೂ ಒಳಗೆ ಎಡಬದಿಯ ಕಪಾಟು ಪೂರ್ತಿ ಕ್ರೋಶಾ, ಅಂದರೆ ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ ಮಾಡುವ ಹೆಣಿಗೆಯ, ನೂಲಿಗೆ ಮೀಸಲಾಗಿದೆ. ನಮ್ಮ ಜಿಲ್ಲೆಯ ಮಂಜೇಶ್ವರದಿಂದ ಹೊಸದುರ್ಗದವರೆಗೆ, ಹೆಣಿಗೆಯ ಹವ್ಯಾಸವುಳ್ಳ ಗಂಡಸರಿಗೆ ನಾನು ಧೈರ್ಯವಾಗಿ ಸೂಚಿಸುವ ಅಂಗಡಿ ಇದೊಂದೇ.

ಬೇರೆಡೆ ಗಂಡಸು ಕ್ರೋಶಾ ಕಡ್ಡಿ ಕೇಳಿದರೆ, ಮನೆಯವರನ್ನೇ ಕಳುಹಿಸಿ, ನಂಬರು ಅವರಿಗೆ ಗೊತ್ತಿರುತ್ತದೆ ಎಂಬ ಉತ್ತರ ಸಿಗುವುದುಂಟು. ಇಲ್ಲಿನ ಮಾಲೀಕರು ಕೇಳುವುದು "ಏನು ಮಾಡ್ಲಿಕ್ಕೆ ಮಾಷ್ಟ್ರೇ?" ಎಂದಷ್ಟೇ. ಮೇಜಿನ ಮೇಲೆ ಹಾಸುವ ಬಟ್ಟೆಗೆ ಎಂದರೆ ಹತ್ತನೆಯ ನಂಬರಿನ ನೂಲನ್ನು, ಕರವಸ್ತ್ರದ ಅಂಚಿಗೆ ಎಂದರೆ ನಲುವತ್ತರದ್ದನ್ನು ತೆಗೆದಿಡುತ್ತಾರೆ. ನಂಬರು ಏರಿದಷ್ಟೂ ನೂಲು ತೆಳ್ಳಗಾಗುತ್ತದೆ ಎಂಬುದನ್ನು ಹೊಸಬರಿಗೆ ಎರಡೂ ಎಳೆಗಳನ್ನು ಬೆರಳಿಗೆ ಸುತ್ತಿ ತೋರಿಸುತ್ತಾರೆ. ಮೀನುಗಾರರ ಕಸಬಾ ಕಡಪ್ಪುರದಲ್ಲಿ ಬಲೆ ಹೆಣೆಯುವ ಗಂಡಸನ್ನು ಯಾರೂ ತಿರುಗಿ ನೋಡದ ಊರಿನಲ್ಲಿ ಕ್ರೋಶಾ ಹಿಡಿದವನನ್ನು ಮಾತ್ರ ಏಕೆ ನೋಡಬೇಕೋ, ಕಾರಣ ನನಗಿನ್ನೂ ಹೊಳೆದಿಲ್ಲ. ಪೆರು ದೇಶದ ತಾಕಿಲೆ ದ್ವೀಪದಲ್ಲಿ ಟೊಪ್ಪಿ ಹೆಣೆಯುವುದು ಗಂಡಸರದೇ ಕೆಲಸ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಡೈವಿಂಗ್ ಚಿನ್ನ ಗೆದ್ದ ಬ್ರಿಟನ್ನಿನ ಟಾಮ್ ಡೇಲಿ ಗ್ಯಾಲರಿಯಲ್ಲಿ ಕುಳಿತು ಹೆಣೆಯುತ್ತಿದ್ದುದನ್ನು ಜಗತ್ತೆಲ್ಲ ನೋಡಿದೆ.

ಅಂಗಡಿಯ ನಿಜವಾದ ಬಲವಿರುವುದು ಹತ್ತಿ ನೂಲಿನಲ್ಲಿ, ಮತ್ತು ನಮ್ಮ ಹವೆಗೆ ಹತ್ತಿಯೇ ಸರಿ. ಮಳೆಗಾಲದ ತೇವಕ್ಕೂ ಬೇಸಗೆಯ ಬೆವರಿಗೂ ಅಕ್ರಿಲಿಕ್ ಎಳೆ ಅಂಗೈಗೆ ಅಂಟುತ್ತದೆ, ಕಡ್ಡಿಯ ಮೇಲೆ ಜಾರುವುದಿಲ್ಲ. ಅದರ ಸ್ವೆಟರನ್ನು ಹೆಣೆದು ಮುಗಿಸಿದರೂ ಕಾಸರಗೋಡಿನಲ್ಲಿ ತೊಡುವ ದಿನಗಳಾದರೂ ಎಷ್ಟು? ಹತ್ತಿಯಲ್ಲಿಯೂ ಇವರು ಎರಡು ಬಗೆಯನ್ನು ಇಟ್ಟಿದ್ದಾರೆ. ನೂಲನ್ನು ಕಾಸ್ಟಿಕ್ ಸೋಡಾದಲ್ಲಿ ಹದಗೊಳಿಸುವ ವಿಧಾನವನ್ನು 1844ರಲ್ಲಿ ಕಂಡುಹಿಡಿದ ಜಾನ್ ಮರ್ಸರ್ ಹೆಸರಿನಿಂದ ಬಂದ ಮರ್ಸರೈಸ್ಡ್ ನೂಲು ಹೊಳಪುಳ್ಳದ್ದು, ಗಟ್ಟಿಯಾದದ್ದು, ಬಣ್ಣವನ್ನು ಚೆನ್ನಾಗಿ ಹೀರುವಂಥದ್ದು. ಬಾಗಿಲ ತೋರಣಕ್ಕೂ ಟೊಪ್ಪಿಗೂ ಅದೇ ಬೇಕು. ಪಾತ್ರೆ ಒರೆಸುವ ಬಟ್ಟೆ ಹೆಣೆಯುವವರು ಹೊಳಪಿಲ್ಲದ ನೂಲನ್ನೇ ಕೇಳಬೇಕು, ಏಕೆಂದರೆ ನೀರು ಹೀರುವುದು ಅದು. ಕಸೂತಿಯ ಟೊಪ್ಪಿಗೆ ಹೆಸರಾದ ತಳಂಗರೆ ಹತ್ತಿರವೇ ಇರುವುದರಿಂದಲೋ ಏನೋ, ಬಿಳಿ ನೂಲು ಎಂದೂ ಮುಗಿದದ್ದನ್ನು ನಾನು ಕಂಡಿಲ್ಲ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಬಣ್ಣದ ವಿಷಯದಲ್ಲಿ ಅವರು ವಹಿಸುವ ಜಾಗ್ರತೆ. ಉಂಡೆಯ ಚೀಟಿಯಲ್ಲಿ ಬಣ್ಣದ ಸಂಖ್ಯೆಯ ಜೊತೆಗೆ ಲಾಟ್ ಸಂಖ್ಯೆಯೂ, ಅಂದರೆ ಒಟ್ಟಿಗೆ ಬಣ್ಣ ಹಾಕಿದ ಕಂತಿನ ಗುರುತೂ, ಇರುತ್ತದೆ. ಬಣ್ಣದ ಸಂಖ್ಯೆ ಒಂದೇ ಆಗಿ ಲಾಟ್ ಬೇರೆಯಾದರೆ, ಹೆಣೆಯುವಾಗ ಕಾಣದ ಸಣ್ಣ ವ್ಯತ್ಯಾಸ ಹಾಸು ಮುಗಿದ ಮೇಲೆ ಪಟ್ಟೆಯಾಗಿ ಎದ್ದು ಕಾಣುತ್ತದೆ. ಮಾಲೀಕರು ಕನ್ನಡಕ ಏರಿಸಿ ಚೀಟಿಗಳನ್ನು ಒಂದೊಂದಾಗಿ ಓದುತ್ತಾರೆ. ಲಾಟ್ ಹೊಂದದಿದ್ದರೆ ಟ್ಯೂಬ್‌ಲೈಟನ್ನು ನಂಬದೆ ಎರಡು ಉಂಡೆಗಳನ್ನೂ ಮೆಟ್ಟಲಿನ ಬಿಸಿಲಿಗೆ ತಂದು ಒತ್ತಟ್ಟಿಗೆ ಹಿಡಿಯುತ್ತಾರೆ. ಆನ್‌ಲೈನ್ ಬೆಲೆಗಿಂತ ಉಂಡೆಗೆ ನಾಲ್ಕು ಕಾಸು ಹೆಚ್ಚು ಕೊಡಲು ನನಗೆ ಇಷ್ಟೇ ಕಾರಣ ಸಾಕು.

ಕಡ್ಡಿಗಳ ವಿಷಯದಲ್ಲಿ ಮಾತ್ರ ಅಂಗಡಿ ಸೋತಿದೆ. ತೆಳು ನೂಲಿಗೆ ಬೇಕಾದ ಉಕ್ಕಿನ ಕಡ್ಡಿಗಳು ಸಿಗುವುದು ಒಂದೇ ನಮೂನೆಯಲ್ಲಿ, ಹಿಡಿಯೇ ಇಲ್ಲದೆ. ದಪ್ಪ ಬೆರಳಿನವರಿಗೆ ಅರ್ಧ ಗಂಟೆಯೊಳಗೆ ಹೆಬ್ಬೆರಳಿನ ಬುಡ ನೋಯುತ್ತದೆ. ರಬ್ಬರ್ ಹಿಡಿಯ ಕಡ್ಡಿಯನ್ನು ತರಿಸಿಕೊಡಿ ಎಂದು ಕೇಳಿದ್ದಕ್ಕೆ, ಅದನ್ನು ಕೇಳುವವರು ನೀವೊಬ್ಬರೇ ಎಂಬ ಉತ್ತರ ಬಂತು. ಡಬ್ಬಿಯ ತಳದಲ್ಲಿದ್ದ ಕೆಲವು ಕಡ್ಡಿಗಳ ತುದಿಗೆ ತುಕ್ಕು ಹಿಡಿದಿತ್ತು. ಅಂಥದ್ದು ನೂಲನ್ನು ಕೆದರಿ ಕೊಳೆ ಮಾಡುತ್ತದೆ, ಆದ್ದರಿಂದ ಕೊಳ್ಳುವ ಮೊದಲು ಕೊಕ್ಕೆಯನ್ನು ಉಗುರಿನ ಮೇಲೆ ಎಳೆದು ನೋಡಿ. ಹೆಣಿಗೆ ಸೂಜಿಗಳನ್ನು ಕೇಳುವುದೇ ಬೇಡ, ಪ್ಲಾಸ್ಟಿಕ್ಕಿನ ಒಂದೆರಡು ಜೊತೆಯ ಹೊರತು ಏನೂ ಇಲ್ಲ.

ನೂಲನ್ನು ಇಲ್ಲಿ ಕೊಂಡು ಕಡ್ಡಿಯನ್ನು ಮಂಗಳೂರಿನಿಂದ ತರುವುದು ಸದ್ಯಕ್ಕೆ ನನ್ನ ವ್ಯವಸ್ಥೆ. ದೊಡ್ಡ ಕೆಲಸ ಹಿಡಿಯುವವರು ಅಂದಾಜಿಗಿಂತ ಒಂದು ಉಂಡೆ ಹೆಚ್ಚಾಗಿಯೇ ಕೊಳ್ಳಬೇಕು. ಒಡೆಯದ ಉಂಡೆಯನ್ನು ಬಿಲ್ಲಿನೊಂದಿಗೆ ತಂದರೆ ಅವರು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.