ಹಳೇ ಕಂಪ್ಯೂಟರ್ ಕೊಡೋ ಮುಂಚೆ ಒಂದ್ಸಲ ಓದಿ, ನಾನಂತೂ ಬೇಸ್ತು ಬಿದ್ದಾಯ್ತು

ಹೇಳ್ಕೊಳ್ಳೋಕೇ ನಾಚಿಕೆ ಆಗ್ತಿದೆ, ಆದ್ರೂ ಬರೀತಿದೀನಿ. ಶಿವಮೊಗ್ಗದ ದುರ್ಗಿಗುಡೀಲಿ ನಮ್ದು ಟ್ಯಾಕ್ಸ್ ರಿಟರ್ನ್ ಫೈಲ್ ಮಾಡೋ ಆಫೀಸು. ಅಟ್ಟದ ಮೇಲೆ ಹಳೇ ಸಿಪಿಯು 11, ಆ ಡುಬ್ಬದ ಮಾನಿಟರ್ 6, ಯುಪಿಎಸ್ ಬ್ಯಾಟರಿ ಎಲ್ಲಾ ಬಿದ್ದಿತ್ತು, ಮಳೆಗಾಲದಲ್ಲಿ ಅಲ್ಲೇ ಸೋರತ್ತೆ, ಅದಕ್ಕೆ ಮುಂಚೆ ಖಾಲಿ ಮಾಡೋಣ ಅಂತ.

ಗುಜರಿಗೆ ಹಾಕೋದು ಬೇಡ, ಸರಿಯಾಗೇ ವಿಲೇವಾರಿ ಆಗ್ಲಿ ಅಂತಾನೇ ಹಳೇ ಕಂಪ್ಯೂಟರ್ ಒಯ್ಯೋ ಒಬ್ಬನನ್ನ ಕರೆಸಿದ್ದು ಮಾರಾಯ್ರೆ, ಹೊಟ್ಟೆ ಉರಿಯೋದೇ ಅದಕ್ಕೆ. "ನಮ್ದು ಗವರ್ಮೆಂಟ್ ಲೈಸೆನ್ಸ್ ಇದೆ ಸಾರ್" ಅಂತ ಲ್ಯಾಮಿನೇಷನ್ ಮಾಡ್ಸಿದ ಸರ್ಟಿಫಿಕೇಟ್ ತೋರ್ಸಿದ. ದಿನಾ ಊರವರ ಕಾಗದ ಓದೋ ನಾನು ಇದನ್ನ ಮೇಲ್ಮೇಲೆ ನೋಡಿ ವಾಪಸ್ ಕೊಟ್ಟೆ! ಬ್ಯಾಟರಿ, ಸಿಪಿಯು ಗಡಿಬಿಡೀಲಿ ಗಾಡಿಗೆ ಹಾಕ್ಸಿದ, ಮಾನಿಟರ್ ನೋಡಿ ಮುಖ ಕಿವುಚಿದ. ಅಲ್ಲೇ ಗೊತ್ತಾಗ್ಬೇಕಿತ್ತು. 3,800 ರೂಪಾಯಿ ಕೊಟ್ಟ, ಬಿಲ್ ಕೇಳಿದ್ರೆ "ವಾಟ್ಸಾಪ್ ಮಾಡ್ತೀನಿ".

ಎಂಟು ದಿನಕ್ಕೆ ಕ್ಲೈಂಟ್ ಒಬ್ರು ಫೋಟೋ ಕಳಿಸಿದ್ರು. ಸವಳಂಗ ರೋಡ್ ಪಕ್ಕದ ಚರಂಡೀಲಿ ಒಡೆದ ಮಾನಿಟರ್, ಮೇಲೆ ನಮ್ಮ ಆಫೀಸಿನ ಸ್ಟಿಕ್ಕರ್! ತಾಮ್ರ ಕಿತ್ಕೊಂಡು, ಸೀಸ ಇರೋ ಗಾಜನ್ನ ಮಾತ್ರ ಬಿಸಾಕಿದಾರೆ. ಕೆಳಗೆ "ಸ್ವಚ್ಛ ಭಾರತನಾ ಸಾರ್?" ಅಂತ ಬೇರೆ.

ಫೋನ್ ಮಾಡಿದ್ರೆ ಏನಂದ ಗೊತ್ತಾ, "ಮಾಲ್ ಕೊಟ್ರಿ, ದುಡ್ಡು ತಗೊಂಡ್ರಿ, ಮುಗೀತಲ್ಲ ಸಾರ್." ಹಾರ್ಡ್ ಡಿಸ್ಕ್ ಎಲ್ಲಯ್ಯ? "ಬೆಂಗಳೂರಿಗೆ ಹೋಗಾಯ್ತು, ಫಾರ್ಮ್ಯಾಟ್ ಮಾಡಿರ್ತಾರೆ ಬಿಡಿ." ಮಾಡಿರ್ತಾರಂತೆ! ಅದ್ರಲ್ಲಿ ಹತ್ತು ವರ್ಷದ ಕ್ಲೈಂಟ್‌ಗಳ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ಇದೆ, ಬರೀ ಫಾರ್ಮ್ಯಾಟ್ ಹೊಡೆದ್ರೆ ಎಷ್ಟೋ ಸಲ ವಾಪಸ್ ತೆಗೀಬಹುದು ಅಂತ ಸರ್ವಿಸ್ ಹುಡುಗ ಹೇಳಿದ್ಮೇಲೆ ರಾತ್ರಿ ನಿದ್ದೆ ಇಲ್ಲ. ಸರ್ಟಿಫಿಕೇಟ್ ಕಳ್ಸು ಅಂದೆ. "ಅವತ್ತೇ ತೋರ್ಸಿದ್ನಲ್ಲ ಸಾರ್, ನೀವೇ ಓದಿದ್ರಲ್ಲ." ಈ ಮಾತು ಇನ್ನೂ ಕಿವೀಲಿದೆ. ನಮ್ಮ ಆಫೀಸ್ ಹುಡುಗಿ ಅದ್ರ ಫೋಟೋ ತೆಗೆದಿಟ್ಟಿದ್ಲು, ದೊಡ್ಡದು ಮಾಡಿ ನೋಡಿದ್ರೆ ಹೆಸ್ರು ಬೇರೆ ಯಾರದ್ದೋ, ಅವಧಿ ಮುಗಿದಿದ್ದು 2021ಕ್ಕೆ!

2023 ಏಪ್ರಿಲ್‌ನಿಂದ ಹೊಸ ಇ-ತ್ಯಾಜ್ಯ ನಿಯಮ ಬಂದಿದೆ, ರೀಸೈಕಲ್ ಮಾಡೋರು ಸಿಪಿಸಿಬಿ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ) ಪೋರ್ಟಲ್‌ನಲ್ಲಿ ನೋಂದಣಿ ಆಗಿರ್ಲೇಬೇಕು. ಅಲ್ಲಿ ಹೆಸ್ರು ನೋಡಿ, ಲ್ಯಾಮಿನೇಷನ್ ನೋಡ್ಬೇಡಿ. ಬ್ಯಾಟರಿಗೆ ನಿಯಮಾನೇ ಬೇರೆ, ಎಲ್ಲಾ ಒಟ್ಟಿಗೆ ಒಯ್ತೀನಿ ಅನ್ನೋನ ಹತ್ರ ಎರಡರ ನೋಂದಣಿನೂ ಕೇಳಿ. ಹಾರ್ಡ್ ಡಿಸ್ಕ್ ಮೊದ್ಲೇ ಬಿಚ್ಚಿ ಡ್ರಿಲ್ ಹೊಡ್ಸಿ, ಬಿಲ್ ಕೈಗೆ ಬರೋವರ್ಗೂ ಗಾಡಿ ಬಿಡ್ಬೇಡಿ.

ನಿನ್ನೆ ನಾನೂ ಆಫೀಸ್ ಹುಡುಗನೂ ಗ್ಲೌಸ್ ಹಾಕ್ಕೊಂಡು ಆ ಗಾಜು ಹೆಕ್ಕಿ ತಂದ್ವಿ. ಈಗ ಗೋಣಿಚೀಲದಲ್ಲಿ ಮತ್ತೆ ಅದೇ ಅಟ್ಟದ ಮೇಲಿದೆ.