ಸೆಮಾಗ್ಲುಟೈಡ್ ಚುಚ್ಚುಮದ್ದು: 22 ತಿಂಗಳ ಬಳಕೆ, ಅದರಲ್ಲಿ 15 ತಿಂಗಳು ವ್ಯಾಯಾಮದೊಂದಿಗೆ

ತೂಕ ಇಳಿಸಲು ವಾರಕ್ಕೊಮ್ಮೆ ಹೊಟ್ಟೆಯ ಚರ್ಮದಡಿ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಪೆನ್ ಬಳಸಲು ಆರಂಭಿಸಿ 22 ತಿಂಗಳಾಯಿತು. ಆಗ ನನ್ನ ತೂಕ 94 ಕಿಲೋ, ಈಗ 78. ಇಷ್ಟನ್ನೇ ಬರೆದು ನಿಲ್ಲಿಸಿದರೆ ಜಾಹೀರಾತಾದೀತು. ಮೊದಲ ಏಳು ತಿಂಗಳಲ್ಲಿ ನಾನು ಮಾಡಿಕೊಂಡ ಎಡವಟ್ಟನ್ನೂ ಹೇಳಬೇಕು.

ವ್ಯಾಯಾಮ ಮಾಡಿ ಎಂದು ವೈದ್ಯರು ಮೊದಲ ದಿನವೇ ಹೇಳಿದ್ದರು. ತಲೆಯಾಡಿಸಿ ಬಂದವನು ಅದರ ಗೋಜಿಗೇ ಹೋಗಲಿಲ್ಲ. ತೂಕ ತಾನಾಗಿ ಇಳಿಯುತ್ತಿರುವಾಗ ಬೆವರು ಏಕೆ ಸುರಿಸಬೇಕು ಎಂಬ ಅತಿಜಾಣತನ. ಔಷಧಿ ಮಾತ್ರ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತು. 0.25 ಮಿಲಿಗ್ರಾಂನಿಂದ ಶುರುವಾಗಿ ನಾಲ್ಕು ವಾರಕ್ಕೊಮ್ಮೆ 0.5, 1, 1.7 ಎಂದು ಏರುತ್ತಾ 2.4ಕ್ಕೆ ಬಂದು ನಿಂತಿತು. ಎರಡನೇ ತಿಂಗಳ ಹೊತ್ತಿಗೆ, ತಲೆಯೊಳಗೆ ಹಗಲಿಡೀ ಗುಂಯ್‌ಗುಡುತ್ತಿದ್ದ ತಿನ್ನುವ ಯೋಚನೆ ತಣ್ಣಗಾಯಿತು. ಊಟವಾದ ಮೇಲೆ ಕರುಳಿನಿಂದ ಹೊರಟು ಮೆದುಳಿಗೆ 'ಸಾಕು' ಎನ್ನುವ ಜಿಎಲ್‌ಪಿ-1 ಹಾರ್ಮೋನು ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಅದನ್ನು ಅನುಕರಿಸುವ ಈ ಔಷಧಿಯ ಅರ್ಧಾಯುಷ್ಯ, ಅಂದರೆ ಮೈಯಲ್ಲಿ ಅದು ಅರ್ಧಕ್ಕಿಳಿಯಲು ಹಿಡಿಯುವ ಸಮಯ, ಸುಮಾರು ಒಂದು ವಾರ. ಅಷ್ಟು ದಿನವೂ ಆ 'ಸಾಕು' ಕೇಳಿಸುತ್ತಲೇ ಇರುತ್ತದೆ.

ಏಳು ತಿಂಗಳಲ್ಲಿ 13 ಕಿಲೋ ಇಳಿಯಿತು. ಕಂಡವರೆಲ್ಲ ಹೊಗಳುತ್ತಿದ್ದರು. ಒಂದು ರಾತ್ರಿ ಪೆನ್ನಿನ ಮುಚ್ಚಳ ಕೈಜಾರಿ ಮಂಚದ ಕೆಳಗೆ ಉರುಳಿತು. ನೆಲದ ಮೇಲೆ ಕೂತು, ಬಗ್ಗಿ, ತಡಕಾಡಿ ತೆಗೆದೆ. ಏಳಲು ಹೋದರೆ ಆಗಲಿಲ್ಲ. ಒಂದು ಕೈ ನೆಲಕ್ಕೂರಿದೆ, ತೊಡೆಗಳು ಗಡಗಡ ನಡುಗಿದವು. ಕೊನೆಗೆ ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೈಯನ್ನು ಎಳೆದುಕೊಂಡು ಎದ್ದೆ. 94 ಕಿಲೋ ಇದ್ದಾಗ ಏದುಸಿರು ಬರುತ್ತಿತ್ತು ನಿಜ, ಆದರೆ ಎದ್ದು ನಿಲ್ಲುತ್ತಿದ್ದೆ.

ಮರುವಾರ, ಮೈಯಲ್ಲಿ ಕೊಬ್ಬೆಷ್ಟು, ಕೊಬ್ಬಲ್ಲದ್ದೆಷ್ಟು ಎಂದು ತೋರಿಸುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆ. ಆರಂಭದಲ್ಲೇ ಒಂದು ಮಾಡಿಸಿದ್ದರಿಂದ ಹೋಲಿಕೆಗೆ ಅನುಕೂಲವಾಯಿತು. ಹೋದ 13 ಕಿಲೋದಲ್ಲಿ ಸುಮಾರು 5 ಕಿಲೋ ಕೊಬ್ಬೇ ಅಲ್ಲ. ಅದರಲ್ಲಿ ನೀರಿನಂಶವೂ ಇರುತ್ತದೆ, ಅಷ್ಟೂ ಸ್ನಾಯುವಲ್ಲ ಎಂದು ವೈದ್ಯರು ಸಮಾಧಾನ ಹೇಳಿದರೂ ನನ್ನ ತೊಡೆಗಳು ಒಪ್ಪಲಿಲ್ಲ. ಇದು ನನ್ನೊಬ್ಬನ ಕಥೆಯೂ ಅಲ್ಲ. ಇದೇ ಔಷಧಿಯ ಸ್ಟೆಪ್-1 ಪ್ರಯೋಗದಲ್ಲಿ 68 ವಾರಗಳಿಗೆ ಸರಾಸರಿ ಶೇ 14.9ರಷ್ಟು ತೂಕ ಇಳಿದಿತ್ತು. ಅಲ್ಲಿ ಸ್ಕ್ಯಾನ್‌ಗೆ ಒಳಗಾದ ಸಣ್ಣ ಗುಂಪಿನಲ್ಲೂ ಹೋದ ತೂಕದ ಸುಮಾರು ಶೇ 40 ಕೊಬ್ಬಲ್ಲದ ಭಾಗವೇ.

ಅಲ್ಲಿಂದ ವ್ಯಾಯಾಮ ಶುರುವಾಯಿತು, ಅದೂ ನಗೆಪಾಟಲಿನ ಮಟ್ಟದಿಂದ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು: ಎಂಟು ಬಾರಿಗೇ ಸುಸ್ತು. ಗೋಡೆಗೆ ಕೈಕೊಟ್ಟು ಪುಶ್‌ಅಪ್. ಮೂರು ಕಿಲೋ ಡಂಬೆಲ್. ವಾರಕ್ಕೆ ಎರಡು ದಿನ ಇವು, ಐದು ದಿನ ಅರ್ಧ ಗಂಟೆಯ ಬಿರುಸು ನಡಿಗೆ. ಸಾಕಾ ಎಂದು ಕೇಳಿದಾಗ, ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಕನಿಷ್ಠವೂ ಇಷ್ಟೇ ಎಂದರು ವೈದ್ಯರು.

ಔಷಧಿಯೊಂದಿಗೆ ವ್ಯಾಯಾಮವನ್ನು ಹೊಂದಿಸುವುದೇ ಒಂದು ಕಲೆ. ನಾನು ಚುಚ್ಚಿಕೊಳ್ಳುತ್ತಿದ್ದದ್ದು ಶುಕ್ರವಾರ ರಾತ್ರಿ. ಶನಿವಾರ ಡಂಬೆಲ್ ಹಿಡಿದು ಬಗ್ಗಿದರೆ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬರುತ್ತಿತ್ತು. ಎರಡು ಸಲ ಸ್ನಾನದ ಮನೆಗೆ ಓಡಿದ ಮೇಲೆ ಬುದ್ಧಿ ಬಂತು. ಡಂಬೆಲ್ ದಿನಗಳನ್ನು ಮಂಗಳವಾರಕ್ಕೂ ಗುರುವಾರಕ್ಕೂ ಸರಿಸಿದೆ, ಶನಿವಾರ ಬರೀ ನಡಿಗೆ. ಇನ್ನೊಂದು ತೊಡಕೆಂದರೆ ಹಸಿವೇ ಆಗದಿರುವುದು. ಒಂದು ದಿನ ಏನೂ ತಿನ್ನದೆ ವ್ಯಾಯಾಮಕ್ಕಿಳಿದು ಕಣ್ಣು ಕತ್ತಲಾಗಿ ಕುಸಿದು ಕೂತೆ. ಈಗ ಗಡಿಯಾರ ನೋಡಿ ತಿನ್ನುತ್ತೇನೆ, ತಟ್ಟೆಯಲ್ಲಿ ಪ್ರೋಟೀನ್ ಇರುವುದನ್ನೇ ಮೊದಲು ಮುಗಿಸುತ್ತೇನೆ, ಏಕೆಂದರೆ ಕೊನೆಗೆ ಉಳಿಸಿಕೊಂಡರೆ ಅದಕ್ಕೆ ಜಾಗವಿರುವುದಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಸಲ್ಫೊನಿಲ್‌ಯೂರಿಯಾ ಬಳಗದ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳಿಗೆ ಇಲ್ಲಿ ಸಕ್ಕರೆ ಕುಸಿಯುವ ಅಪಾಯವೂ ಇದೆ. ಅವರು ವೈದ್ಯರನ್ನು ಕೇಳದೆ ಈ ಸಾಹಸಕ್ಕೆ ಇಳಿಯಬಾರದು. ಕುಟುಂಬದಲ್ಲಿ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದವರಿಗಂತೂ ಈ ಔಷಧಿಯೇ ಸಲ್ಲದು.

ವ್ಯಾಯಾಮ ಶುರುವಾದ ಮೇಲೆ ತೂಕದ ಯಂತ್ರ ಮುನಿಸಿಕೊಂಡಿತು. ಆರು ವಾರ ಮುಳ್ಳು ಅಲುಗಲಿಲ್ಲ. ಅದೇ ಆರು ವಾರದಲ್ಲಿ ಬೆಲ್ಟ್‌ಗೆ ಹೊಸ ತೂತು ಬೇಕಾಯಿತು. ಇತ್ತೀಚಿನ ಸ್ಕ್ಯಾನ್ ಪ್ರಕಾರ ಈ 15 ತಿಂಗಳಲ್ಲಿ ಇಳಿದದ್ದು ಬರೀ ಮೂರು ಕಿಲೋ. ಬಿಡಿಸಿ ನೋಡಿದರೆ ಕೊಬ್ಬು ನಾಲ್ಕೂವರೆ ಕಿಲೋ ಹೋಗಿದೆ, ಕೊಬ್ಬಲ್ಲದ ಭಾಗ ಒಂದೂವರೆ ಕಿಲೋ ಮರಳಿದೆ.

ನಡುವೆ ಒಂದು ಅನಿವಾರ್ಯ ಪರೀಕ್ಷೆಯೂ ನಡೆಯಿತು. 15ನೇ ತಿಂಗಳಲ್ಲಿ ಪೆನ್ನಿನ ಸರಬರಾಜು ನಿಂತು ಒಂಬತ್ತು ವಾರ ಔಷಧಿ ಇರಲಿಲ್ಲ. ಮೂರನೇ ವಾರಕ್ಕೇ ಆ ಗುಂಯ್‌ಗುಡುವಿಕೆ ಹಾಜರು. ಸ್ಟೆಪ್-1ರಲ್ಲಿ ಔಷಧಿ ನಿಲ್ಲಿಸಿದವರಿಗೆ, ಇಳಿದ ತೂಕದ ಮೂರನೇ ಎರಡು ಭಾಗ ಒಂದೇ ವರ್ಷದಲ್ಲಿ ವಾಪಸಾಗಿತ್ತೆಂದು ಓದಿದ್ದರಿಂದ ಹೆದರಿಕೆಯೂ ಇತ್ತು. ಎರಡೂವರೆ ಕಿಲೋ ಏರಿ ನಿಂತಿತು. ವ್ಯಾಯಾಮ ತಡೆಯಿತೆಂದು ಎದೆ ತಟ್ಟಿ ಹೇಳಲಾರೆ, ಒಂಬತ್ತು ವಾರ ಎಷ್ಟರದ್ದು? ಆದರೆ ಡೆನ್ಮಾರ್ಕ್‌ನ ಎಸ್-ಲೈಟ್ ಪ್ರಯೋಗ ಆಗ ಧೈರ್ಯ ಕೊಟ್ಟಿತು. 195 ಮಂದಿಯ ಆ ಪ್ರಯೋಗದಲ್ಲಿ, ಇದೇ ಬಳಗದ ಲಿರಾಗ್ಲುಟೈಡ್ ಜೊತೆ ಒಂದು ವರ್ಷ ವ್ಯಾಯಾಮವನ್ನೂ ಮಾಡಿದವರು, ಎಲ್ಲ ನಿಲ್ಲಿಸಿ ಮತ್ತೊಂದು ವರ್ಷ ಕಳೆದ ಮೇಲೂ ಬರೀ ಔಷಧಿ ಪಡೆದವರಿಗಿಂತ ಹೆಚ್ಚು ತೂಕ ಇಳಿಸಿಕೊಂಡೇ ಉಳಿದಿದ್ದರು. ಪೆನ್ ಮತ್ತೆ ಸಿಕ್ಕಾಗ ವೈದ್ಯರು ನೇರ 2.4ಕ್ಕೆ ಹೋಗದೆ ಕೆಳಗಿನ ಡೋಸ್‌ನಿಂದಲೇ ಏರಿಸಿದರು.

ಈಗ ಡಂಬೆಲ್ ಒಂಬತ್ತು ಕಿಲೋದ್ದು. ಔಷಧಿಗೆ ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದನ್ನು ಕಿತ್ತುಕೊಂಡದ್ದು ಮಲಬದ್ಧತೆಗೆ. ಅದಕ್ಕೆ ನಡಿಗೆಯೂ ನೀರೂ ಅಷ್ಟಿಷ್ಟು ಮದ್ದಾದವೇ ಹೊರತು, 22 ತಿಂಗಳಾದರೂ ಅದು ಬಿಟ್ಟುಹೋಗಿಲ್ಲ.